ಸ್ನಾನ ಬಿಟ್ಟವನ ಹಂಡೆ ಸರದಿ

ಫರ್ಮೂತಿ ೨೮ (ಎಲ್ಲ ಮುಗಿದ ಮೇಲೆ, ಮೊದಲ ಹಾಳೆಯಲ್ಲಿ)

ಯಾವ ಪುಸ್ತಕ ಶುರುಮಾಡಿದರೂ ಮೊದಲ ಹಾಳೆ ಖಾಲಿ ಬಿಡುವುದು ನನ್ನ ಅಭ್ಯಾಸ. ಒಟ್ಟು ಎಷ್ಟಾಯಿತು ಎಂಬುದು ಕೊನೆಗಷ್ಟೇ ಗೊತ್ತಾಗುತ್ತದೆ, ಆದರೆ ಕಣ್ಣಿಗೆ ಮೊದಲು ಬೀಳಬೇಕಾದ್ದು ಅದೇ.

ಈ ವ್ಯವಹಾರಕ್ಕೆ ತಗುಲಿದ್ದು: ಕುಸುಬೆ ಎಣ್ಣೆ ಹನ್ನೊಂದು ಕೊಡ. ಅದರಲ್ಲಿ ಎರಡು ಲಂಚವೆಂದು ಕೊಟ್ಟು ಕಾಣಿಕೆಯೆಂದು ಜಮೆಯಾದವು. ಹೊಟ್ಟು, ಒಂದು ದೋಣಿ ತುಂಬ. ಹಿಂಡಿ, ವರ್ಷಕ್ಕಾಗುವಷ್ಟು. ಬಲಗಡೆಯ ಹುಬ್ಬು. ಮೆತ್ತನೆ ಹಾಸಿಗೆಯ ನಿದ್ದೆ, ಹತ್ತಿರಹತ್ತಿರ ನಲವತ್ತು ರಾತ್ರಿ. ಗಾಣ ಒಂದು.

ಇಷ್ಟು ಸುರಿದು ಕೊಳ್ಳಲು ಹೋದ ಸಾಮಾನು ಮಾತ್ರ ಸಿಗಲಿಲ್ಲ. ಎರಡು ಸಲ ಕೂಡಿ ನೋಡಿದೆ, ಲೆಕ್ಕ ಸರಿಯಾಗಿಯೇ ಇದೆ.

ತೂಬಿ ೮

ಇವತ್ತು ನನಗೆ ಸನ್ಮಾನವಾಯಿತು. ಕತ್ತೆ ಹೊಡೆಯುವವನ ಮಗ, ಸ್ವಂತ ಬಾಯಿ ಬಲದಿಂದ ಮೂರು ಗಾಣ ಮಾಡಿಕೊಂಡವನು, ಊರ ಮಂಡಳಿಯ ಕಲ್ಲುಬೆಂಚಿನ ಮೇಲೆ ಕೂತೆ. ಮಂಡಳಿಯ ಮುಖ್ಯಸ್ಥ ಅಖಿಲ್ಲಾಸ್ ಎದ್ದು ಬಂದು ಅಪ್ಪಿಕೊಂಡ. ಅವನು ಅಪ್ಪಿಕೊಂಡಾಗ ಸೊಂಟದ ಚೀಲ ಮುಟ್ಟಿ ನೋಡಿಕೊಳ್ಳುವುದು ಕ್ಷೇಮ.

“ಪಮೂನಿಸ್, ನೀನೀಗ ನಮ್ಮವನು ಕಣಯ್ಯಾ! ಊರು ನಿನಗೆ ಒಂದು ಗೌರವ ಕೊಡ್ತಾ ಇದೆ.”

“ಏನಪ್ಪಾ ಅದು?”

“ಪಾಖೋನ್ ತಿಂಗಳ ಒಂದರಿಂದ ವರ್ಷಪೂರ್ತಿ ಊರ ಸ್ನಾನಗೃಹದ ಹಂಡೆ ಕಾಯಿಸೋ ಸರದಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಸರದಿ ತಪ್ಪಿಸಿಕೊಂಡವರ ಚಪ್ಪಾಳೆಗೆ ಬೇರೆಯದೇ ಸದ್ದಿರುತ್ತದೆ.

ಸೌದೆ, ಹೊಟ್ಟು, ಒಲೆಯವರ ಕೂಲಿ, ಎಲ್ಲ ನನ್ನ ಕೈಯಿಂದ. ಮೂರು ಗಾಣ ಜಾಮೀನು. ಬೆಳಗಿನಿಂದ ನಡುಹಗಲಿನವರೆಗೆ ನೀರು ಬಿಸಿಯಿರಬೇಕು. ಒಂದು ದಿನ ತಣ್ಣಗಾಯಿತೋ, ಗಾಣಗಳು ಹರಾಜಿಗೆ. ಹರಾಜಿನಲ್ಲಿ ಕೂಗುವಷ್ಟು ಕಾಸಿರುವವನು ಊರಲ್ಲಿ ಒಬ್ಬನೇ, ಅಖಿಲ್ಲಾಸ್. ಈ ವರ್ಷದ ಸರದಿಯವನು ನಾರುಬಟ್ಟೆ ವ್ಯಾಪಾರಿ ಥೆಯೋನ್. ಹೋದ ವರ್ಷ ಅವನ ತೊಡೆಗಳು ದಿಂಬಿನ ಹಾಗಿದ್ದವು, ಈಗ ಜೊಂಡಿನ ಹಾಗಿವೆ.

ಮನೆಗೆ ಬಂದು ಹೇಳಿದರೆ ಹೆಂಡತಿ ತಾಯೆಸಿಸ್ ಈರುಳ್ಳಿ ಹೆಚ್ಚುತ್ತಲೇ ಕೇಳಿದಳು: “ಅಖಿಲ್ಲಾಸನ ತಮ್ಮನಿಗೆ ಯಾಕೆ ಸರದಿ ಇಲ್ಲ?”

“ಅವನು ಕ್ರಿಸ್ತನ ಸಭೆಯಲ್ಲಿ ಪಾದ್ರಿ ಆದ. ಚಕ್ರವರ್ತಿ ಅವರಿಗೆಲ್ಲ ಮಾಫಿ ಮಾಡಿದಾನಲ್ಲ.”

“ಮತ್ತೆ ನೀನ್ಯಾಕೆ ಆಗ್ಬಾರ್ದು? ಬಾಯಿ ಹೇಗೂ ಇದೆ.”

ಇವಳನ್ನು ಕಟ್ಟಿಕೊಂಡದ್ದು ನನ್ನ ಜೀವನದ ಒಳ್ಳೆಯ ವ್ಯಾಪಾರಗಳಲ್ಲೊಂದು.

ತೂಬಿ ೧೦

ಎರಡು ಕೊಡ ಎಣ್ಣೆ ಹೊರಿಸಿಕೊಂಡು ಬಿಷಪ್ಪರ ಮನೆಗೆ ಹೋದೆ. ಊರೆಲ್ಲ ಅವರನ್ನು ಅಪ್ಪ ಹೋರಿಯನ್ ಎನ್ನುತ್ತದೆ. ಹಿಂದಿನ ಚಕ್ರವರ್ತಿಗಳ ಕಾಲದಲ್ಲಿ ಅವರ ಒಂದು ಕಣ್ಣು ಕಿತ್ತು, ಎಡಗಾಲಿನ ನರ ಕತ್ತರಿಸಿ, ಗಣಿಗೆ ಅಟ್ಟಿದ್ದರು. ಈಗ ಅದೇ ಕಚೇರಿಯಿಂದ ಅವರಿಗೆ ಮೊಹರು ಹಾಕಿದ ಕಾಗದ ಬರುತ್ತದೆ. ನಾನು ಹೋದಾಗ ಅಂಥದೊಂದನ್ನು ಮೂಗಿಗೆ ಹಿಡಿದು ಓದುತ್ತಿದ್ದರು.

“ನೋಡು, ‘ಅತಿ ಪ್ರಿಯರಾದ ಹೋರಿಯನ್’ ಅಂತ ಬರ್ದಿದಾರೆ. ಕಣ್ಣು ಕೀಳುವಾಗ ಹೆಸರು ಕೂಡ ಕೇಳಿರ್ಲಿಲ್ಲ.” ನಕ್ಕರು. “ಬಾರಪ್ಪ, ಕೂತ್ಕೋ. ನೀನು ಈ ತಿಂಗಳಲ್ಲಿ ನಾಲ್ಕನೆಯವನು.”

“ನಾಲ್ಕನೆಯವನು ಅಂದ್ರೆ, ಅಪ್ಪಾ?”

“ಹಂಡೆಗೆ ಹೆದರಿ ದೇವರನ್ನ ಹುಡುಕಿಕೊಂಡು ಬಂದೋರಲ್ಲಿ.”

ಮುಖ ಕೆಂಪಾಗಬೇಕಿತ್ತು. ಎಣ್ಣೆ ವ್ಯಾಪಾರಿಗೆ ಆ ಅನುಕೂಲವಿಲ್ಲ. ವಾಚಕನ ಕೆಲಸ ಸಾಕು, ಗ್ರಂಥ ಓದುತ್ತೇನೆ, ಗಂಟಲು ಚೆನ್ನಾಗಿದೆ, ಸಂತೆಯಲ್ಲಿ ಆಚೆ ದಡಕ್ಕೆ ಕೇಳಿಸುತ್ತದೆ ಎಂದೆ.

“ಮೊದಲು ಪಸ್ಕಕ್ಕೆ, ಕ್ರಿಸ್ತ ಮತ್ತೆ ಎದ್ದ ಹಬ್ಬಕ್ಕೆ, ದೀಕ್ಷಾಸ್ನಾನ. ಅಲ್ಲೀವರೆಗೆ ಬುಧವಾರ ಬುಧವಾರ ವಿಧವೆಯರಿಗೆ ಎಣ್ಣೆ ಅಳೆದುಕೊಡು. ಆಮೇಲೆ ನೋಡೋಣ.”

ಪಸ್ಕ ಬೀಳುವುದು ಫರ್ಮೂತಿ ತಿಂಗಳ ಇಪ್ಪತ್ತನಾಲ್ಕಕ್ಕೆ, ಸರದಿ ಶುರುವಾಗುವುದು ಅದರ ಮುಂದಿನ ವಾರ. ಬಾಗಿಲು ಮುಚ್ಚುವ ಮೊದಲು ಕತ್ತೆಯ ಬಾಲವೂ ಒಳಗೆ ಬಂದಂತೆ. ಸಂತೋಷವಾಗಿ ಮನೆಗೆ ಬಂದೆ. ಎಣ್ಣೆ ಯಾಕೆಂದು ಅವರು ಕೇಳಲೇ ಇಲ್ಲ. ಎಣ್ಣೆ ಅಲ್ಲೇ ಉಳಿಯಿತು.

ತೂಬಿ ೧೨

ಮೊದಲ ಬುಧವಾರ. ವಿಧವೆಯರು ಎಂದರೆ ಕಣ್ಣೀರು ಸುರಿಸುತ್ತ ಬರುವವರು ಎಂದುಕೊಂಡಿದ್ದೆ. ಬಂದದ್ದು ಒಂದು ದಂಡು. ಮುಂದಾಳು ಸೆನೋರಿಸ್ ಎಂಬ ಮುದುಕಿ. ಹಲ್ಲು ಮೂರು, ನಾಲಿಗೆ ಮಾತ್ರ ಪೂರ್ತಿ.

“ಯಾರಿದು ಹೊಸಬ? ಓ, ಎಣ್ಣೆ ಸಾಹುಕಾರ! ಮಗಾ, ಆ ಹೆಬ್ಬೆರಳನ್ನ ಅಳತೆಪಾತ್ರೆಯಿಂದ ಆಚೆ ತೆಗಿ. ನನಗೆ ಎಣ್ಣೆ ಬೇಕು, ನಿನ್ನ ಬೆರಳಲ್ಲ.”

“ಅಭ್ಯಾಸಬಲ, ಅಜ್ಜೀ.”

“ಗೊತ್ತು. ನನ್ನ ಗಂಡ ಹದಿನೆಂಟು ವರ್ಷ ನಿನ್ನ ಅಭ್ಯಾಸಕ್ಕೇ ದುಡ್ಡು ಕೊಟ್ಟ.”

ಸಾಲಿನುದ್ದಕ್ಕೂ ನಗು ಹರಿಯಿತು. ಈ ಜನರ ಸಹವಾಸ ಕಷ್ಟ. ಮೂರು ತಿಂಗಳು ಹಲ್ಲು ಕಚ್ಚಿದರಾಯಿತು.

ಮೆಖೀರ್ ೩

ಬುಧವಾರ. ಎಣ್ಣೆ ಅಳೆದೆ. ಸೆನೋರಿಸ್‌ಗೆ ಕೆಮ್ಮು, ಬಂದಿರಲಿಲ್ಲ. ದಾರಿಯಲ್ಲೇ ಇತ್ತೆಂದು ಅವಳ ಮನೆಗೆ ಕೊಟ್ಟು ಬಂದೆ. ದಾರಿ ಎಂದರೆ ಊರ ಆ ತುದಿ.

ಫಾಮೆನೋತ್ ೧೩

ದೀಕ್ಷೆಗೆ ಹೆಸರು ಕೊಟ್ಟೆ. ಕೊಟ್ಟ ಮೇಲೆ ಅಪ್ಪ ಹೋರಿಯನ್ ನಿಯಮ ಹೇಳಿದರು. ವ್ಯಾಪಾರದಲ್ಲೂ ಹೀಗೇ, ಕೈ ಕುಲುಕಿದ ಮೇಲೆ ಷರತ್ತು.

“ಇಷ್ಟು ವರ್ಷ ಆರು ದಿನ ಉಪವಾಸ ಇತ್ತು. ಈ ಸಲ ಅಲೆಕ್ಸಾಂಡ್ರಿಯದ ದೊಡ್ಡ ಬಿಷಪ್ಪರಿಂದ ಕಾಗದ ಬಂದಿದೆ, ನಲವತ್ತು ದಿನ. ಮಾಂಸ ಇಲ್ಲ, ಹೆಂಡ ಇಲ್ಲ. ದೀಕ್ಷೆ ತಗೊಳ್ಳೋರಿಗೆ ಸ್ನಾನವೂ ಇಲ್ಲ. ಹಬ್ಬದ ಹಿಂದಿನ ಗುರುವಾರ ಮೈ ತೊಳ್ಕೋಬೇಕು.”

“ಅಪ್ಪಾ, ನಾನು ಎಣ್ಣೆ ಗಾಣದೋನು.”

“ಹಾಗಾದ್ರೆ ನಿನ್ನ ಹರಕೆ ಎಲ್ಲರಿಗೂ ಗೊತ್ತಾಗುತ್ತೆ.”

ತಾಯೆಸಿಸ್ ವಿಷಯ ಕೇಳಿ ಒಂದು ಚಾಪೆ ಸುರುಳಿ ಸುತ್ತಿ ಕೈಗಿಟ್ಟಳು. “ಪಸ್ಕದವರೆಗೆ ಛಾವಣಿ ಮೇಲೆ ಮಲಕ್ಕೋ.”

ಫಾಮೆನೋತ್ ೨೨

ಕೆಟ್ಟ ದಿನ. ಥೆಯೋನ್ ಓಡಿಹೋದ! ಮನೆ, ಮಗ್ಗ, ಸಾಲ ಎಲ್ಲ ಬಿಟ್ಟು, ಮರಳುಗಾಡಿನಲ್ಲಿ ಸನ್ಯಾಸಿಗಳ ಗುಹೆ ಸೇರಿದನಂತೆ. ಬೆಳಿಗ್ಗೆಯೇ ಅಖಿಲ್ಲಾಸ್ ನನ್ನ ಬಾಗಿಲಲ್ಲಿ.

“ಪಮೂನಿಸ್, ನಿನ್ನ ಗೌರವ ಸ್ವಲ್ಪ ಬೇಗ ಬಂತು. ನಾಳೆಯಿಂದಲೇ ಹಂಡೆ.” ಆಮೇಲೆ ಮೂಗು ಮುಚ್ಚಿಕೊಂಡು, “ಏನಯ್ಯಾ ಇದು ವಾಸನೆ?”

“ಧರ್ಮ. ನಾನು ಪಸ್ಕ ಆದ್ಮೇಲೆ ವಾಚಕ ಆಗ್ತೀನಿ. ನನಗೆ ಮಾಫಿ ಇದೆ.”

“ಚೌಕಕ್ಕೆ ಬಾ.”

ಚೌಕದಲ್ಲಿ ಚಕ್ರವರ್ತಿಯ ಹೊಸ ಅಪ್ಪಣೆ ಓದುತ್ತಿದ್ದರು: ಮಂಡಳಿಯ ಹೊರೆ ಹೊರುವಷ್ಟು ಆಸ್ತಿಯಿರುವ ಯಾರೂ ಇನ್ನು ಮುಂದೆ ಸಭೆಯ ಸೇವೆಗೆ ಸೇರಕೂಡದು. ಬಡವರೇ ಸೇರಬೇಕು. ಈಗಾಗಲೇ ಒಳಗಿರುವವರಿಗೆ ತೊಂದರೆಯಿಲ್ಲ. ಒಳಗಿದ್ದ ಅಖಿಲ್ಲಾಸನ ತಮ್ಮ ನನ್ನ ಕಡೆ ನೋಡಿ ಕೈ ಎತ್ತಿ ಆಶೀರ್ವಾದ ಮಾಡಿದ.

ನೇರ ಅಪ್ಪ ಹೋರಿಯನ್ ಹತ್ತಿರ ಓಡಿದೆ. ಅವರು ಬೇಳೆ ಆರಿಸುತ್ತಿದ್ದರು.

“ಅಪ್ಪಾ, ಚಕ್ರವರ್ತಿ ಬಾಗಿಲು ಹಾಕಿಬಿಟ್ಟ!”

“ಒಳ್ಳೇದೇ ಮಾಡಿದ. ಅವರು ನಮ್ಮನ್ನ ಕೊಲ್ತಿದ್ದಾಗ ಒಬ್ಬ ಸಾಹುಕಾರನೂ ಇತ್ತ ತಲೆ ಹಾಕಲಿಲ್ಲ. ಮಾಫಿ ಕೊಟ್ಟರು ನೋಡು, ಬಾಗಿಲಲ್ಲಿ ನೂಕುನುಗ್ಗಲು. ಏಟಿಗಿಂತ ಈ ಪ್ರೀತಿ ತಡ್ಕೊಳ್ಳೋದೇ ನನಗೆ ಕಷ್ಟ ಆಗಿತ್ತು.” ಒಂದು ಕಲ್ಲು ಹೆಕ್ಕಿ ಎಸೆದರು. “ನಿನ್ನ ಹೆಸರು ಹೊಡೆದುಹಾಕ್ಲಾ?”

ನಾಳೆ ಹೇಳುತ್ತೇನೆ ಎಂದು ಬಂದೆ. ತಾಯೆಸಿಸ್, “ಮಾಫಿ ಇಲ್ಲ ಅಂದ್ಮೇಲೆ ಇನ್ನೇನು, ಹೋಗಿ ಸ್ನಾನ ಮಾಡು,” ಎಂದಳು.

ನಾಳೆ ಮಾಡುತ್ತೇನೆ.

ಫಾಮೆನೋತ್ ೨೩

ಮೊದಲ ದಿನದ ಹಂಡೆ. ಒಲೆಯ ಹಳೇ ಆಳು ಕೊಪ್ರೆಸ್ ಕೆಲಸ ತೋರಿಸಿದ. ನನ್ನ ಹುಬ್ಬು ಒಂದು ಹೋಯಿತು. ಹೊಗೆಯಲ್ಲಿ ಸ್ನಾನಕ್ಕೆ ಪುರುಸೊತ್ತಾಗಲಿಲ್ಲ.

ಫಾಮೆನೋತ್ ೨೯

ಬುಧವಾರ. ಹೆಸರು ಹೊಡೆದುಹಾಕಿಸಲು ಹೋದವನು ಎಣ್ಣೆ ಅಳೆದು ಬಂದೆ. ಅಷ್ಟು ಜನರ ಮುಂದೆ ಆ ಮಾತೆತ್ತುವುದು ಸರಿಯಲ್ಲ. ಅಲ್ಲದೆ ಅರ್ಧ ತಿಂಗಳ ಕೊಳೆ ಹಾಕಿದ ಮೇಲೆ ಈಗ ತೊಳೆದರೆ ಅದಷ್ಟೂ ನಷ್ಟ.

ಸೆನೋರಿಸ್ ಮೂಸಿ ನೋಡಿ, “ಪರವಾಗಿಲ್ಲ, ನಮ್ಮ ಥರಾನೇ ನಾರ್ತಾ ಇದೀಯ,” ಎಂದಳು. ಹೊಗಳಿಕೆಯೆಂದೇ ಬರೆದುಕೊಳ್ಳುತ್ತೇನೆ.

ಫರ್ಮೂತಿ ೧೦

ಯಾರಿಗೂ ಹೇಳದ ಲಾಭ! ದೀಕ್ಷೆಗೆ ನಿಂತವರು ಊರಲ್ಲಿ ಮುನ್ನೂರಕ್ಕೂ ಮೇಲಿದ್ದಾರೆ. ಯಾರೂ ಮೀಯುವುದಿಲ್ಲ. ಉಳಿದವರಲ್ಲೂ ಅರ್ಧ ಜನ ಅವರನ್ನು ನೋಡಿ ನಾಚಿಕೊಂಡು ಸ್ನಾನಗೃಹದ ಕಡೆ ಬರುತ್ತಿಲ್ಲ. ಅರ್ಧ ಒಲೆ ಉರಿಸಿದರೆ ಸಾಕು. ಚಕ್ರವರ್ತಿ ಒಂದು ಕೈಯಲ್ಲಿ ಹೇರಿದ ಹೊರೆಯನ್ನು ಸಭೆ ಇನ್ನೊಂದು ಕೈಯಲ್ಲಿ ಅರ್ಧ ಇಳಿಸಿದೆ. ಹೊಟ್ಟು ಬೆಟ್ಟದ ಹಾಗೆ ಮಿಕ್ಕಿದೆ.

ನಮ್ಮವರು ಇಷ್ಟು ಉಪಯೋಗಕ್ಕೆ ಬರುತ್ತಾರೆಂದು ಯಾರು ಎಣಿಸಿದ್ದರು!

ಅಖಿಲ್ಲಾಸ್ ಬಂದು ನೀರಿಗೆ ಕೈ ಅದ್ದಿ ನೋಡಿ ಹೋದ. ದಿನಾ ಬರುತ್ತಾನೆ. ಹೋಗುವಾಗ ನನ್ನ ಗಾಣದ ಮನೆ ಮುಂದೆಯೇ ಹೋಗುತ್ತಾನೆ, ಕಿಟಕಿಯಲ್ಲಿ ಇಣುಕುತ್ತಾನೆ, ಮನೆ ಕೊಳ್ಳುವವನ ಹಾಗೆ.

ಫರ್ಮೂತಿ ೧೧

ಮಿಕ್ಕ ಹೊಟ್ಟಿನಲ್ಲಿ ಮುಕ್ಕಾಲನ್ನು ಇಟ್ಟಿಗೆ ಗೂಡಿನವನಿಗೆ ಮಾರಿದೆ. ಒಳ್ಳೆಯ ಬೆಲೆ. ಹೊಸ ಬೆಳೆಯ ಹೊಟ್ಟು ಬರುವವರೆಗೆ ಇರುವಷ್ಟು ಸಾಕು.

ಫರ್ಮೂತಿ ೧೮

ಎಣ್ಣೆ ಹಂಚುವ ದಿನವಲ್ಲದಿದ್ದರೂ ಸೆನೋರಿಸ್ ಸ್ನಾನಗೃಹಕ್ಕೆ ಬಂದಳು.

“ಮಗಾ, ಗುರುವಾರ ನಮ್ಮನ್ನ ಎಷ್ಟೊತ್ತಿಗೆ ಒಳಗೆ ಬಿಡ್ತೀಯ?”

“ಗುರುವಾರ ನಿಮ್ಮನ್ನಾ?”

“ಲೋ! ಮೈ ತೊಳೆಯೋ ಗುರುವಾರ. ನಿನಗೊಬ್ಬನಿಗೇ ಅನ್ಕೊಂಡಿದ್ಯಾ?”

ಹೌದು. ಹಾಗೆಯೇ ಅಂದುಕೊಂಡಿದ್ದೆ. ಆ ಗುರುವಾರವನ್ನು ನಾನು ದಿನಾ ಬೆರಳು ಮಡಚಿ ಕಾಯುತ್ತಿದ್ದೆ. ಕಾಯುತ್ತಿದ್ದದ್ದು ನನ್ನ ಒಂದು ಮೈಗೆ. ಮುನ್ನೂರು ಜನ ಸ್ನಾನ ಬಿಟ್ಟಿದ್ದನ್ನು ಉಳಿತಾಯವೆಂದು ಬರೆದುಕೊಂಡವನಿಗೆ, ಆ ಮುನ್ನೂರು ಸ್ನಾನವೂ ಒಂದೇ ದಿನ ಬಾಗಿಲಿಗೆ ಬರುತ್ತದೆಂದು ಹೊಳೆಯಲಿಲ್ಲ. ಅದೂ ಬರಿ ಸ್ನಾನವಲ್ಲ. ನಲವತ್ತು ದಿನದ ಕೊಳೆಗೆ ಒಬ್ಬೊಬ್ಬರಿಗೆ ಮೂರು ಮೂರು ಪಾಲು ನೀರು ಬೇಕು.

ಗೂಡಿನವನ ಹತ್ತಿರ ಓಡಿದೆ. “ನಿನ್ನ ಹೊಟ್ಟಾ? ಆಗಲೇ ಇಟ್ಟಿಗೆ ಆಯ್ತಲ್ಲ. ಬೇಕಿದ್ರೆ ಇಟ್ಟಿಗೆ ತಗೋ,” ಎಂದ.

ಹೊಸ ಬೆಳೆ ಇನ್ನೂ ಹೊಲದಲ್ಲೇ ನಿಂತಿದೆ. ಹಳೇ ಹೊಟ್ಟು ಹೊಳೆಯ ಎರಡೂ ದಡದಲ್ಲಿ ಇಲ್ಲ. ವಿಷಯ ಹೇಗೋ ಮಂಡಳಿಗೆ ಮುಟ್ಟಿದೆ. ಗುರುವಾರ ಅಖಿಲ್ಲಾಸ್ ಗುಮಾಸ್ತನನ್ನು ಕರೆದುಕೊಂಡು ಬರುತ್ತಾನಂತೆ.

ಫರ್ಮೂತಿ ೨೦

ಬುಧವಾರ. ಅಳೆಯುವಾಗ ನಾಳೆಯ ಒಲೆಯದೇ ಲೆಕ್ಕ, ಎರಡು ಸಲ ಜಾಸ್ತಿ ಬಿತ್ತು. ಯಾರೂ ವಾಪಸು ಕೊಡಲಿಲ್ಲ.

ಫರ್ಮೂತಿ ೨೨

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಉಪವಾಸದ ಶುಕ್ರವಾರ, ಬೇರೆ ಕೆಲಸವಿಲ್ಲ, ಪೂರ್ತಿ ಬರೆಯುತ್ತೇನೆ.

ಬೆಳಗಾಗುವ ಹೊತ್ತಿಗೆ ಸ್ನಾನಗೃಹದ ಸಾಲು ಮೀನು ಮಾರುಕಟ್ಟೆಯವರೆಗೆ ಇತ್ತು. ಊರವರಲ್ಲದೆ ಹಳ್ಳಿಗಳವರೂ ಬಂದಿದ್ದರು. ಮೀನು ಮಾರುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಂಡಸರು ಒಳಗೆ ಹೋದರು. ಒಳಗಿನಿಂದ ಬಂದ ಖುಷಿಯ ಕೂಗು ಕೇಳಿದರೆ ಯಾರೋ ಕೋಟೆ ಗೆದ್ದರೆನ್ನಬೇಕು.

ಹೊಟ್ಟು ಬೆಳಗಿನ ಮೊದಲ ಜಾವಕ್ಕೇ ಮುಗಿಯಿತು. ಅದು ಗೊತ್ತಿದ್ದದ್ದೇ. ಹಿಂದಿನ ದಿನವೇ ಗಾಣದ ಮನೆಯಿಂದ ವರ್ಷದ ಹಿಂಡಿಯನ್ನೆಲ್ಲ ಹೊರಿಸಿ ತಂದಿದ್ದೆ. ಎಣ್ಣೆ ಜಿಡ್ಡಿನ ಹಿಂಡಿ ಎಂಥ ಉರಿ ಉರಿಯುತ್ತದೆ! ಕೊಪ್ರೆಸ್ ಕುಣಿದಾಡಿದ. “ದಣಿ, ಇಡೀ ಊರೇ ಪಲ್ಯದ ಘಮ!”

ಅಖಿಲ್ಲಾಸ್ ಗುಮಾಸ್ತನೊಂದಿಗೆ ಬಂದು ನೀರಿನ ಅಂಚಲ್ಲಿ ಕೂತ. ಕೈ ಅದ್ದಿದ. ಬಿಸಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದ್ದಿದ. ಬಿಸಿ. ಕೊನೆಗೆ ಬೇಸತ್ತು ತಾನೇ ಇಳಿದು ಸ್ನಾನ ಮಾಡಿದ. ನಡುಹಗಲಾಯಿತು. ಗುಮಾಸ್ತ ‘ನೀರು ಬಿಸಿ’ ಎಂದು ಬರೆದು ಅಂಕಿತ ಹಾಕಿದ. ಇಬ್ಬರೂ ಹೋದರು. ನನ್ನ ಮೂರು ಗಾಣ ನನ್ನವಾಗಿಯೇ ಉಳಿದವು. ಒಲೆಬಾಯಲ್ಲಿ ಕೂತು ಜೋರಾಗಿ ನಕ್ಕೆ.

ಕೊಪ್ರೆಸ್ ಬಂದ. “ಹಿಂಡಿ ಖಾಲಿ, ದಣಿ. ಆರಿಸ್ಲಾ?”

“ಆರಿಸು. ಕರಾರು ಮುಗೀತು.”

“ಹೊರಗೆ ಹೆಂಗಸರು ಇದಾರೆ.”

ಹೆಂಗಸರ ಸರದಿ ಯಾವತ್ತೂ ನಡುಹಗಲಿನ ಮೇಲೆ, ಉಳಿದ ಬಿಸಿಯಲ್ಲಿ. ಕರಾರಿನಲ್ಲಿ ಅವರ ಮಾತಿಲ್ಲ. ಅದನ್ನೇ ಹೇಳಿ ಕಳಿಸೋಣವೆಂದು ಹೊರಗೆ ಹೋದೆ. ನೂರೈವತ್ತು ಜನ ನೆರಳಿಲ್ಲದೆ ನಿಂತಿದ್ದರು. ಎಲ್ಲರ ಮುಂದೆ ಸೆನೋರಿಸ್, ಹೆಗಲ ಮೇಲೆ ಒಂದು ಚಿಂದಿ ಮಡಚಿ ಇಟ್ಟುಕೊಂಡಿದ್ದಳು.

“ಆಯ್ತೇನೋ ಗಂಡಸರದು? ನನ್ನ ಗಂಡ ಸತ್ತ ಮೇಲೆ ಬಿಸಿನೀರು ಕಂಡಿಲ್ಲ ಕಣೋ ಈ ಮೈ. ಎಷ್ಟು ಬಿಸಿ ಇದೆ?”

ಹೇಳಬೇಕೆಂದಿದ್ದ ಮಾತು ಬಾಯಿಗೆ ಬಂದಿತ್ತು. ಹೊರಬಿದ್ದದ್ದು ಬೇರೆ. “ಸ್ವಲ್ಪ ತಡೀರಿ ಅಜ್ಜೀ. ಈಗ ಬಂದೆ.”

ಮೂರರಲ್ಲಿ ಚಿಕ್ಕ ಗಾಣ ಹತ್ತಿರದಲ್ಲೇ ಇತ್ತು. ಜಾಲಿ ಮರದ್ದು, ಒಣಗಿ ಕಬ್ಬಿಣವಾಗಿತ್ತು. ನಾನೂ ಕೊಪ್ರೆಸನೂ ಕೊಡಲಿ ಹಿಡಿದೆವು. ತೊಲೆ, ಚೌಕಟ್ಟು, ಮಣೆ, ಎಲ್ಲ ಒಲೆಗೆ. ಹೇಗೂ ಆ ಗಾಣ ಬಲಕ್ಕೆ ವಾಲುತ್ತಿತ್ತು. ಇನ್ನು ಹತ್ತಿಪ್ಪತ್ತು ವರ್ಷದಲ್ಲಿ ಕೆಟ್ಟೇ ಹೋಗುತ್ತಿತ್ತು.

ನೀರು ಮತ್ತೆ ಹೊಗೆಯಾಡಿತು. ಹೆಂಗಸರು ಒಳಗೆ ಹೋದರು. ಹಾಡು ಶುರುವಾಯಿತು. ಬಾಗಿಲಲ್ಲಿ ಕೊನೆಯವರನ್ನು ಒಳಗೆ ಬಿಡುತ್ತಿದ್ದಾಗ ಒಂದು ಮುಖ ಪರಿಚಯದ್ದೆನಿಸಿತು. ನನ್ನ ಹೆಂಡತಿ!

“ನೀನ್ಯಾಕೆ ಇಲ್ಲಿ?”

“ಇನ್ಯಾಕೆ? ನಾನೂ ಅವತ್ತೇ ಹೆಸರು ಕೊಟ್ಟೆ.”

“ಮತ್ತೆ ನನ್ನ ವಾಸನೆ ಅಂತ ಛಾವಣಿಗೆ ಅಟ್ಟಿದ್ದು?”

“ನಿನ್ನದಲ್ಲ ಮಾರಾಯ. ನನ್ನ ವಾಸನೆ ನಿನಗೆ ಗೊತ್ತಾಗ್ಬಾರ್ದಲ್ಲ. ಗೊತ್ತಾದ್ರೆ ಅದರಿಂದ ಏನು ಲಾಭ ಅಂತ ನೀನು ಕೇಳ್ತಿದ್ದೆ.”

“ಏನು ಲಾಭ?”

“ಸರಿ ಆ ಕಡೆ, ನೀರು ಆರುತ್ತೆ,” ಎಂದು ಒಳಗೆ ಹೋದಳು.

ಎಲ್ಲ ಮುಗಿದ ಮೇಲೆ ನಾನೂ ಕೊಪ್ರೆಸನೂ ಇಳಿದೆವು. ನೀರು ತಣ್ಣಗಿತ್ತು, ಕೆಸರಿನ ಬಣ್ಣಕ್ಕಿತ್ತು. ನಾನು ಕಾಯಿಸಿದ ಹಂಡೆಯಲ್ಲಿ ನನಗೆ ಬಿಸಿನೀರಿಲ್ಲ. ಆದರೂ ಎಂಥ ಸ್ನಾನ!

ಫರ್ಮೂತಿ ೨೪

ಪಸ್ಕ. ಮುಂಜಾವಕ್ಕೆ ದೀಕ್ಷೆಯಾಯಿತು. ಅಪ್ಪ ಹೋರಿಯನ್ ನನ್ನನ್ನು ಮೂರು ಸಲ ಮುಳುಗಿಸಿದರು. ಮೂರನೆಯದನ್ನು ಸ್ವಲ್ಪ ಜಾಸ್ತಿ ಹೊತ್ತು ಹಿಡಿದರೆಂದು ನನ್ನ ಅನುಮಾನ. ಮೇಲೆ ಬಂದಾಗ ಕೇಳಿದರು: “ಬರೋ ವರ್ಷವೂ ಗುರುವಾರ ಹೆಂಗಸರಿಗೆ ಬಿಸಿ ಇರುತ್ತಾ?”

“ಬರೋ ವರ್ಷ ನನ್ನ ಸರದಿ ಮುಗಿದಿರುತ್ತೆ, ಅಪ್ಪಾ.”

“ನಾನು ಸರದಿ ವಿಷಯ ಕೇಳಲಿಲ್ಲ.”

ಇರುತ್ತದೆ ಎಂದೆ. ಬಾಯಲ್ಲಿ ನೀರು ತುಂಬಿತ್ತು, ಜಾಸ್ತಿ ಚೌಕಾಸಿ ಮಾಡಲಾಗಲಿಲ್ಲ.

ಫರ್ಮೂತಿ ೨೮

ಅಖಿಲ್ಲಾಸ್ ಬೀದಿಯಲ್ಲಿ ಹಿಡಿದುಕೊಂಡ. “ಅಯ್ಯೋ, ಎಂಥಾ ಗಾಣ ಸುಟ್ಟುಬಿಟ್ಟೆಯಯ್ಯಾ!” ಅವನ ಕಣ್ಣು ತುಂಬಿದ್ದು ನೋಡಿದರೆ ಗಾಣ ಅವನದೇ ಎನ್ನಬೇಕು. ಸಮಾಧಾನ ಮಾಡಿ ಕಳಿಸಿದೆ.

ಮೊದಲ ಹಾಳೆಯಲ್ಲಿ ತಗುಲಿದ್ದು ಬರೆದಾಯಿತು. ಇನ್ನು ಯಾರಿಗೆ ಏನು ಬಂತು:

ಚಕ್ರವರ್ತಿಗೆ: ಕಾಸು ಬಿಚ್ಚದೆ ಒಂದು ಊರಿನ ಸ್ನಾನ.
ಅಖಿಲ್ಲಾಸನಿಗೆ: ಒಂದು ಬಿಸಿ ಸ್ನಾನ.
ಅವನ ತಮ್ಮನಿಗೆ: ಮಾಫಿ, ಮೊದಲಿನಂತೆಯೇ.
ಇಟ್ಟಿಗೆ ಗೂಡಿನವನಿಗೆ: ಎರಡು ಗೂಡು ಇಟ್ಟಿಗೆ.
ಥೆಯೋನನಿಗೆ: ಗುಹೆ. ಅಲ್ಲಿ ಯಾರೂ ಮೀಯುವುದೇ ಇಲ್ಲವಂತೆ.
ಕೊಪ್ರೆಸನಿಗೆ: ಕೂಲಿ, ಮೇಲೆ ಅರ್ಧ.
ಸೆನೋರಿಸ್ ಮತ್ತು ನೂರೈವತ್ತು ಹೆಂಗಸರಿಗೆ: ಬಿಸಿನೀರು.
ತಾಯೆಸಿಸ್‌ಗೆ: ಅದೇ.
ನನಗೆ: ಎರಡು ಗಾಣ, ಉಳಿದ ಹನ್ನೊಂದು ತಿಂಗಳ ಹಂಡೆ, ಬುಧವಾರ ಎಣ್ಣೆ ಅಳೆಯುವ ಕೆಲಸ.